ಎಸ್‌ಡಬ್ಲ್ಯುಆರ್ 1.1 ಬಂದರೆ ಸಾಕೇ? ನ್ಯಾನೋವಿಎನ್‌ಎ-ಎಚ್4 ಜೊತೆ ಎರಡು ಮಳೆಗಾಲ

ತೀರ್ಥಹಳ್ಳಿ ಕಡೆಯ ನಮ್ಮ ಹಂಚಿನ ಮನೆಯ ಹಿಂದೆ, ಅಡಿಕೆ ತೋಟದ ಅಂಚಿನ ತೆಂಗಿನ ಮರಕ್ಕೆ ನಡುಭಾಗವನ್ನು ಎತ್ತಿ ಕಟ್ಟಿ, ಎರಡು ತುದಿಗಳನ್ನು ಬೇಲಿಯ ಗೂಟಗಳ ಕಡೆಗೆ ಇಳಿಬಿಟ್ಟಿರುವ ಒಂದು ಇನ್‌ವರ್ಟೆಡ್ ವಿ ಆಂಟೆನಾ ಇದೆ. 40 ಮೀಟರ್ ಬ್ಯಾಂಡಿಗೆ, ಅಂದರೆ ನಮ್ಮ ದೇಶದ ಹ್ಯಾಮ್‌ಗಳಿಗೆ (ಪರವಾನಗಿ ಪಡೆದ ಹವ್ಯಾಸಿ ರೇಡಿಯೋದವರಿಗೆ) ಅನುಮತಿಯಿರುವ 7.0ರಿಂದ 7.2 ಮೆಗಾಹರ್ಟ್ಸ್‌ಗೆ, ಅದನ್ನು ಹೊಂದಿಸುವ ಕೆಲಸ ನಮ್ಮಲ್ಲಿ ವರ್ಷಗಟ್ಟಲೆ ಒಂದೇ ರೀತಿಯಲ್ಲಿ ನಡೆಯುತ್ತಿತ್ತು. ನಾನು ಒಳಗೆ ಕುಳಿತು ಪಿಟಿಟಿ ಎಂಬ ಪ್ರಸಾರದ ಗುಂಡಿ ಒತ್ತಿ, ಆಂಟೆನಾ ಎಷ್ಟು ಹೊಂದಿದೆ ಎಂದು ಹೇಳುವ ಎಸ್‌ಡಬ್ಲ್ಯುಆರ್ ಮೀಟರಿನ ಮುಳ್ಳು ನೋಡುತ್ತಿದ್ದೆ, ಕಿಟಕಿಯಿಂದ ಅಂಕಿಯನ್ನು ಕೂಗಿ ಹೇಳುತ್ತಿದ್ದೆ. ತಮ್ಮ ಹೊರಗೆ ಜಿಗಣೆ ಕೀಳುತ್ತಾ ತಂತಿಯನ್ನು ಒಂದು ಗೇಣು ಮಡಚುವುದೋ ಬಿಚ್ಚುವುದೋ ಮಾಡುತ್ತಿದ್ದ. ಎರಡು ವರ್ಷದ ಹಿಂದೆ, ಇನ್ನು ಮುಂದೆ ತಾನು ಬರುವುದಿಲ್ಲ ಎಂದು ಅವನು ಹೇಳಿದ ಮೇಲೆ, ಸುಮಾರು 7,000 ರೂಪಾಯಿ ಕೊಟ್ಟು ನ್ಯಾನೋವಿಎನ್‌ಎ-ಎಚ್4 ಎಂಬ ಆಂಟೆನಾ ಅಳೆಯುವ ಉಪಕರಣವನ್ನು ತರಿಸಿಕೊಂಡೆ. ಈ ಬರಹ ಆ ಉಪಕರಣವನ್ನು ಎರಡು ಮಳೆಗಾಲ ಬಳಸಿದ ಮೇಲಿನ ನನ್ನ ಅಭಿಪ್ರಾಯ.

ಮೊದಲೇ ಹೇಳಿಬಿಡುವುದಾದರೆ, ಇದು ಕೊಟ್ಟ ಹಣಕ್ಕಿಂತ ಹೆಚ್ಚು ಬಾಳುವ ವಸ್ತು. ಆದರೆ ಎಸ್‌ಡಬ್ಲ್ಯುಆರ್ ಎಂಬ ಒಂದು ಅಂಕಿಯನ್ನು ನೋಡುವುದಕ್ಕಷ್ಟೇ ಕೊಳ್ಳುವವರಿಗೆ ಈ ಮಾತು ಅನ್ವಯಿಸುವುದಿಲ್ಲ. ಅಷ್ಟಕ್ಕೇ ಆದರೆ ಹಳೆಯ ಮುಳ್ಳಿನ ಮೀಟರೇ ಸಾಕು.

ನ್ಯಾನೋವಿಎನ್‌ಎ ಎಂಬುದು ಅಂಗೈಯಲ್ಲಿ ಹಿಡಿಯಬಹುದಾದ ವೆಕ್ಟರ್ ನೆಟ್‌ವರ್ಕ್ ಅನಲೈಸರ್, ಅಂದರೆ ಆಂಟೆನಾಕ್ಕೋ ಕೇಬಲ್ಲಿಗೋ ಸಣ್ಣ ಸಂಕೇತ ಕಳಿಸಿ ಮರಳಿ ಬಂದದ್ದನ್ನು ಅಳೆಯುವ ಯಂತ್ರ. ಮೂಲ ವಿನ್ಯಾಸ ಜಪಾನಿನ ಟಕಾಹಾಶಿ ತೊಮೊಹಿರೊ ಅವರದು. ಎಡಿ555 ಎಂಬ ಹೆಸರಿನಿಂದಲೇ ಅವರು ಹೆಚ್ಚು ಪರಿಚಿತರು. ಅವರು ಸರ್ಕ್ಯೂಟನ್ನೂ ತಂತ್ರಾಂಶವನ್ನೂ ಮುಕ್ತವಾಗಿ ಹಂಚಿದ್ದರಿಂದ, ಚೀನಾದ ಹ್ಯೂಗನ್ ಎಂಬ ಹೆಸರಿನ ವಿನ್ಯಾಸಕಾರರು ಅದನ್ನು ತಿದ್ದಿ 2019ರ ಹೊತ್ತಿಗೆ ‘ಎಚ್’ ಮಾದರಿಯನ್ನು ಹೊರತಂದರು. ಎಚ್4 ಅದರ ದೊಡ್ಡ ರೂಪ: 4 ಇಂಚಿನ ಪರದೆ, ಒಂದು ಸಲದ ಸ್ವೀಪ್‌ನಲ್ಲಿ (ಒಂದು ಆವರ್ತನದಿಂದ ಇನ್ನೊಂದರವರೆಗಿನ ಓಟದಲ್ಲಿ) 401 ಬಿಂದುಗಳವರೆಗೆ ಅಳತೆ. ಒಳಗಿರುವ ಸಾಮಾನುಗಳ ಪಟ್ಟಿ ನೋಡಿದರೆ ಬೆರಗಾಗುತ್ತದೆ. ಸಂಕೇತ ಹುಟ್ಟಿಸುವುದಕ್ಕೆ ಹ್ಯಾಮ್‌ಗಳು ತಮ್ಮ ಕೈಕೆಲಸದ ರೇಡಿಯೋಗಳಲ್ಲಿ ಹಾಕುವ ಎಸ್‌ಐ5351 ಎಂಬ ಅಗ್ಗದ ಕ್ಲಾಕ್ ಚಿಪ್, ಮರಳಿ ಬಂದ ಸಂಕೇತವನ್ನು ಕೆಲವೇ ಕಿಲೋಹರ್ಟ್ಸ್‌ಗೆ ಇಳಿಸಿ ಅಳೆಯುವುದಕ್ಕೆ ಹಾಡು ಕೇಳಿಸಲೆಂದು ಮಾಡಿದ ಆಡಿಯೋ ಕೋಡೆಕ್. ಪ್ರಯೋಗಾಲಯಗಳಲ್ಲಿ ಲಕ್ಷಗಟ್ಟಲೆ ಬೆಲೆಬಾಳುವ ಯಂತ್ರ ಮಾಡುವ ಕೆಲಸದ ಒಂದು ಭಾಗವನ್ನು ಇಂಥ ಸಾಮಾನುಗಳಿಂದ ಮಾಡಿಸಿದ್ದೇ ಇದರ ಜಾಣ್ಮೆ. ಸುಮಾರು 300 ಮೆಗಾಹರ್ಟ್ಸ್‌ವರೆಗೆ ನೇರವಾದ ಸಂಕೇತ, ಅದರ ಮೇಲೆ ಹಾರ್ಮೋನಿಕ್‌ಗಳ, ಅಂದರೆ ಆ ಸಂಕೇತದ ಆವರ್ತನದ ಗುಣಕಗಳ, ಆಸರೆ. ಹಾಗಾಗಿ ಮೇಲೆ ಹೋದಂತೆ ಅಳತೆಯ ನಿಖರತೆ ಇಳಿಯುತ್ತದೆ. ಎಚ್‌ಎಫ್ (3ರಿಂದ 30 ಮೆಗಾಹರ್ಟ್ಸ್) ಮತ್ತು 2 ಮೀಟರ್ ಬ್ಯಾಂಡಿನಲ್ಲಿ (145 ಮೆಗಾಹರ್ಟ್ಸ್ ಆಸುಪಾಸು) ಕೆಲಸ ಮಾಡುವವರಿಗೆ ಇದರಿಂದ ತೊಂದರೆಯೇನಿಲ್ಲ.

ಉಪಕರಣದ ಮಹತ್ವ ತಿಳಿಯಬೇಕಾದರೆ ಅದು ಅಳೆಯುವ ವಸ್ತು ಏನೆಂದು ತಿಳಿಯಬೇಕು. ರೇಡಿಯೋದಿಂದ ಹೊರಟ ಅಲೆ ಕೇಬಲ್ಲಿನ ಮೂಲಕ ಸಾಗಿ ಆಂಟೆನಾ ತಲುಪಿದಾಗ, ಆಂಟೆನಾದ ಇಂಪೀಡೆನ್ಸ್ (ಅದು ಒಡ್ಡುವ ಒಟ್ಟು ತಡೆ) ಕೇಬಲ್ಲಿನ 50 ಓಮ್‌ಗೆ ಹೊಂದದಿದ್ದರೆ ಅದರಲ್ಲಿ ಒಂದಂಶ ಹಿಂದಿರುಗುತ್ತದೆ. ಹೋಗುವ ಅಲೆಯೂ ಬರುವ ಅಲೆಯೂ ಕೂಡಿ ಕೇಬಲ್ಲಿನ ಉದ್ದಕ್ಕೆ ಕೆಲವೆಡೆ ವೋಲ್ಟೇಜು ಏರಿ, ಕೆಲವೆಡೆ ತಗ್ಗಿ ನಿಲ್ಲುವ ಸ್ಥಾಯಿ ತರಂಗವೊಂದು ಏರ್ಪಡುತ್ತದೆ. ಅತಿ ಹೆಚ್ಚಿನ ವೋಲ್ಟೇಜನ್ನು ಅತಿ ಕಡಿಮೆಯ ವೋಲ್ಟೇಜಿನಿಂದ ಭಾಗಿಸಿದಾಗ ಬರುವುದೇ ಎಸ್‌ಡಬ್ಲ್ಯುಆರ್. ಅದು 1.5 ಇದ್ದರೆ ಹಿಂದಿರುಗುವ ಶಕ್ತಿ ನೂರಕ್ಕೆ 4 ಪಾಲು, 2 ಇದ್ದರೆ 11 ಪಾಲು, 3 ಇದ್ದರೆ 25 ಪಾಲು. ಹೀಗೆ ಹಿಂದಿರುಗಿದ್ದೆಲ್ಲ ವ್ಯರ್ಥವಾಯಿತು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ, ಅದು ಸರಿಯಲ್ಲ. ರೇಡಿಯೋವನ್ನು ಕೇಬಲ್ಲಿಗೆ ಹೊಂದಿಸುವ ಟ್ಯೂನರ್ ಇದ್ದಲ್ಲಿ ಹಿಂದೆ ಬಂದ ಅಲೆ ಮತ್ತೆ ಆಂಟೆನಾದ ಕಡೆಗೇ ತಿರುಗುತ್ತದೆ, ನಷ್ಟವಾಗುವುದು ಈ ಓಡಾಟದಲ್ಲಿ ಕೇಬಲ್ ತಿನ್ನುವಷ್ಟು ಮಾತ್ರ. 20 ಮೀಟರ್ ಉದ್ದದ ಆರ್‌ಜಿ-58 ಕೇಬಲ್ 7 ಮೆಗಾಹರ್ಟ್ಸ್‌ನಲ್ಲಿ ಸುಮಾರು 0.8 ಡೆಸಿಬಲ್ ತಿನ್ನುತ್ತದೆ. ಆಂಟೆನಾದ ಬಳಿ ಎಸ್‌ಡಬ್ಲ್ಯುಆರ್ 3 ಇದ್ದರೆ ಅದರ ಮೇಲೆ ಇನ್ನೊಂದು ಅರ್ಧ ಡೆಸಿಬಲ್‌ಗಿಂತ ಕಡಿಮೆ. ರೇಡಿಯೋದಲ್ಲಿ ಕೇಳಿದ ಸಂಕೇತದ ಬಲ ತೋರಿಸುವ ಎಸ್-ಮೀಟರಿನ ಒಂದು ಮನೆ ಎಂದರೆ 6 ಡೆಸಿಬಲ್. ಅರ್ಧ ಡೆಸಿಬಲ್ಲನ್ನು ಆ ಕಡೆ ಕೇಳುತ್ತಿರುವ ಹ್ಯಾಮ್ ಗೆಳೆಯರು ಗುರುತಿಸಲಾರರು. ಟ್ರಾನ್ಸಿಸ್ಟರ್‌ಗಳಿಂದ ಪ್ರಸಾರ ಮಾಡುವ ಈಗಿನ ಹ್ಯಾಮ್ ರೇಡಿಯೋಗಳು ಎಸ್‌ಡಬ್ಲ್ಯುಆರ್ 2ರ ಆಸುಪಾಸು ದಾಟಿದೊಡನೆ ತಮ್ಮ ರಕ್ಷಣೆಗಾಗಿ ಶಕ್ತಿಯನ್ನು ಇಳಿಸಿಕೊಳ್ಳುತ್ತವೆ ಎಂಬುದೇ ನಾವು ಆ ಅಂಕಿಯ ಬಗ್ಗೆ ಎಚ್ಚರ ವಹಿಸಲು ಇರುವ ನಿಜವಾದ ಕಾರಣ.

ಇನ್ನೊಂದು ತೊಡಕೂ ಇದೆ. ಆಂಟೆನಾದ ಇಂಪೀಡೆನ್ಸ್ 100 ಓಮ್ ಇದ್ದರೂ ಎಸ್‌ಡಬ್ಲ್ಯುಆರ್ 2, 25 ಓಮ್ ಇದ್ದರೂ 2. ರೆಸಿಸ್ಟೆನ್ಸ್ ಸರಿಯಿದ್ದು ತಂತಿ ಉದ್ದವಾಗಿ ರಿಯಾಕ್ಟೆನ್ಸ್ (ಶಕ್ತಿಯನ್ನು ತಿನ್ನದೆ ಹಿಡಿದು ಮರಳಿಸುವ ತಡೆ) ಸೇರಿಕೊಂಡಾಗಲೂ 2 ಬರಬಹುದು. ಇವುಗಳ ಮದ್ದು ಬೇರೆ ಬೇರೆ. ಮುಳ್ಳಿನ ಮೀಟರ್ ಜ್ವರ ಇದೆ ಎಂದಷ್ಟೇ ಹೇಳುತ್ತದೆ, ನ್ಯಾನೋವಿಎನ್‌ಎ ಯಾವ ಜ್ವರ ಎಂದು ಹೇಳುತ್ತದೆ.

ನಮ್ಮ ಇನ್‌ವರ್ಟೆಡ್ ವಿ ವಿಷಯದಲ್ಲಿ ಆದದ್ದು ಇಷ್ಟು. ಹ್ಯಾಮ್‌ಗಳ ಬಾಯಿಲೆಕ್ಕದ ಪ್ರಕಾರ 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ, 7.1ಕ್ಕೆಂದು ಒಟ್ಟು 20.14 ಮೀಟರ್ ತಂತಿ ಹಾಕಿದ್ದೆವು. ಉಪಕರಣದಲ್ಲಿ 6.5ರಿಂದ 7.7 ಮೆಗಾಹರ್ಟ್ಸ್‌ವರೆಗೆ ಸ್ವೀಪ್ ಇಟ್ಟಾಗ ಗೆರೆಯ ತಗ್ಗು ಬಿದ್ದದ್ದು 6.9ರಲ್ಲಿ, ಎಸ್‌ಡಬ್ಲ್ಯುಆರ್ 1.3, ನಮಗೆ ಬೇಕಾದ 7.1ರಲ್ಲಿ 2.6. ಆಂಟೆನಾ ಚೆನ್ನಾಗಿಯೇ ಇತ್ತು, ನಿಂತ ಜಾಗ ಮಾತ್ರ ಬೇರೆ. ಪ್ಲಾಸ್ಟಿಕ್ ಹೊದಿಕೆಯ ತಂತಿ ಬಳಸಿದ್ದೂ, ತುದಿಗಳು ನೆಲಕ್ಕೆ ಹತ್ತಿರವಿದ್ದದ್ದೂ ಸೇರಿ ಅದು ಕೆಳಗೆ ಸರಿದಿತ್ತು. 20.14ನ್ನು 6.9ರಿಂದ ಗುಣಿಸಿ 7.1ರಿಂದ ಭಾಗಿಸಿದರೆ 19.57 ಮೀಟರ್, ಅಂದರೆ ಒಟ್ಟು 57 ಸೆಂಟಿಮೀಟರ್, ಒಂದೊಂದು ಕಡೆ 28 ಚಿಲ್ಲರೆ ಕಡಿಮೆ ಮಾಡಬೇಕು. ತಂತಿಯನ್ನು ಕತ್ತರಿಸದೆ ಹಿಂದಕ್ಕೆ ಮಡಚಿ ಅದರ ಮೇಲೇ ಸುತ್ತಿ ಕಟ್ಟಿದೆ. ಎರಡನೆಯ ಸಲಕ್ಕೆ ತಗ್ಗು 7.09ಕ್ಕೆ ಬಂತು, ಬ್ಯಾಂಡಿನ ಎರಡು ಅಂಚಿನಲ್ಲೂ 1.7 ದಾಟಲಿಲ್ಲ. ಹಿಂದೆ ಭಾನುವಾರವೊಂದನ್ನು ನುಂಗುತ್ತಿದ್ದ ಕೆಲಸ ಕಾಫಿ ಆರುವುದರೊಳಗೆ ಮುಗಿಯಿತು, ಅದೂ ಒಬ್ಬನಿಂದಲೇ, ಒಮ್ಮೆಯೂ ಪಿಟಿಟಿ ಒತ್ತದೆ.

ಹೊಸಬರು ಎಡವುವುದು ಇಲ್ಲಿಯೇ. ಉಪಕರಣವನ್ನು ಡಬ್ಬಿಯಿಂದ ತೆಗೆದು, ಅದರಲ್ಲಿ ಮೊದಲೇ ಇರುವ 50 ಕಿಲೋಹರ್ಟ್ಸ್‌ನಿಂದ 900 ಮೆಗಾಹರ್ಟ್ಸ್‌ವರೆಗಿನ ಸ್ವೀಪ್‌ನಲ್ಲಿಯೇ ಆಂಟೆನಾ ಸಿಕ್ಕಿಸಿ ನೋಡುತ್ತಾರೆ. 401 ಬಿಂದುಗಳಿದ್ದರೂ ಆಗ ಒಂದು ಬಿಂದುವಿನಿಂದ ಇನ್ನೊಂದಕ್ಕೆ 2 ಮೆಗಾಹರ್ಟ್ಸ್‌ಗಿಂತ ಹೆಚ್ಚು ಅಂತರ; 200 ಕಿಲೋಹರ್ಟ್ಸ್ ಅಗಲದ 40 ಮೀಟರ್ ಬ್ಯಾಂಡು ಎರಡು ಬಿಂದುಗಳ ನಡುವೆ ಕಾಣದೆ ಜಾರಿಹೋಗುತ್ತದೆ. ಸ್ವೀಪ್ ಕಿರಿದಾಗಿಸಬೇಕು, ಕಿರಿದಾಗಿಸಿದ ಮೇಲೆ ಕ್ಯಾಲಿಬ್ರೇಶನ್ ಮಾಡಬೇಕು. ಜೊತೆಗೆ ಬರುವ ಮೂರು ಪುಟ್ಟ ತುಂಡುಗಳನ್ನು—ಓಪನ್, ಶಾರ್ಟ್ ಮತ್ತು 50 ಓಮ್‌ನ ಲೋಡ್—ಒಂದಾದ ಮೇಲೊಂದರಂತೆ ಸಿಕ್ಕಿಸಿ, ಪರದೆಯಲ್ಲಿ ಆಯಾ ಗುಂಡಿಯನ್ನು ಒತ್ತಿ, ಕೊನೆಗೆ ಉಳಿಸಿಟ್ಟುಕೊಳ್ಳಬೇಕು. ಎರಡು ನಿಮಿಷದ ಕೆಲಸ. ಕ್ಯಾಲಿಬ್ರೇಶನ್ ಮಾಡಿದ ಜಾಗವೇ ಅಳತೆಯ ಸೊನ್ನೆ ಮೈಲಿಗಲ್ಲು ಎಂಬುದನ್ನು ಮಾತ್ರ ಮರೆಯಬಾರದು. ಅದರ ಮುಂದೆ ಒಂದು ಕೇಬಲ್ ತುಂಡನ್ನೋ ಅಡಾಪ್ಟರನ್ನೋ ಸೇರಿಸಿದರೆ, ಅದು 50 ಓಮ್‌ನ ಒಳ್ಳೆಯ ತುಂಡಾಗಿದ್ದಲ್ಲಿ ಎಸ್‌ಡಬ್ಲ್ಯುಆರ್ ಅಷ್ಟೇ ಉಳಿಯುತ್ತದೆ, ರೆಸಿಸ್ಟೆನ್ಸ್ ಮತ್ತು ರಿಯಾಕ್ಟೆನ್ಸ್ ಅಂಕಿಗಳು ಮಾತ್ರ ಪೂರ್ತಿ ಬೇರೆಯಾಗಿ ಕಾಣುತ್ತವೆ. ಪರದೆಯಲ್ಲಿ ಮೂಡುವ ಸ್ಮಿತ್ ಚಾರ್ಟ್ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ: ಕೇಬಲ್ ಉದ್ದವಾದಂತೆ ಗುರುತು ನಡುಬಿಂದುವಿನ ಸುತ್ತ ಒಂದೇ ವೃತ್ತದ ಮೇಲೆ ತಿರುಗುತ್ತದೆ, ವೃತ್ತ ಹಿಗ್ಗುವುದಿಲ್ಲ. ಫಿಲಿಪ್ ಸ್ಮಿತ್ ಬೆಲ್ ಲ್ಯಾಬ್ಸ್‌ನಲ್ಲಿದ್ದಾಗ 1939ರಲ್ಲಿ ಪ್ರಕಟಿಸಿದ ಈ ನಕ್ಷೆಯನ್ನು ಪರೀಕ್ಷೆಗೆಂದು ಓದಿ, ಮರೆತು, ಅಡಿಕೆ ತೋಟದಲ್ಲಿ ನಿಂತು ಮತ್ತೆ ಕಲಿತವನು ನಾನು.

ಈಗ ನನಗೆ ಈ ಉಪಕರಣದ ಮೇಲೆ ಗೌರವ ಹುಟ್ಟಿಸಿದ ಸಂಗತಿಗೆ ಬರುತ್ತೇನೆ. 2 ಮೀಟರ್ ಬ್ಯಾಂಡಿನಲ್ಲಿ ದೂರದ ರಿಪೀಟರ್ (ಕೇಳಿದ್ದನ್ನು ಮತ್ತೆ ಪ್ರಸಾರ ಮಾಡುವ ನಿಲಯ) ತಲುಪಬೇಕೆಂದು, ಆರ್‌ಜಿ-213 ಎಂದು ಮೇಲೆ ಅಚ್ಚಾಗಿದ್ದ 30 ಮೀಟರ್ ಕೇಬಲ್ಲನ್ನು ಒಂದು ಅಂಗಡಿಯಿಂದ ಕೊಂಡು ತಂದಿದ್ದೆ. ಮರದ ಮೇಲೆ ವರ್ಟಿಕಲ್ ಆಂಟೆನಾ, ಕೆಳಗೆ ಮೀಟರ್, 145 ಮೆಗಾಹರ್ಟ್ಸ್‌ನಲ್ಲಿ ಎಸ್‌ಡಬ್ಲ್ಯುಆರ್ 1.2. ಇದಕ್ಕಿಂತ ಚೆಂದ ಇನ್ನೇನು ಬೇಕೆಂದುಕೊಂಡೆ. ರಿಪೀಟರ್ ಮಾತ್ರ ಓಗೊಡಲಿಲ್ಲ. ಒಂದು ದಿನ ಆಂಟೆನಾವನ್ನು ಬಿಚ್ಚಿ, ಕೇಬಲ್ಲಿನ ಮೇಲ್ತುದಿಯನ್ನು ಖಾಲಿ ಬಿಟ್ಟು, ಕೆಳತುದಿಯನ್ನು ನ್ಯಾನೋವಿಎನ್‌ಎಗೆ ಸಿಕ್ಕಿಸಿದೆ. ತುದಿಯಲ್ಲಿ ಏನೂ ಇಲ್ಲದ ಕೇಬಲ್ ಬಂದ ಶಕ್ತಿಯನ್ನೆಲ್ಲ ಹಿಂದಕ್ಕೆ ಕಳಿಸಬೇಕು, ಎಸ್‌ಡಬ್ಲ್ಯುಆರ್ ತೀರಾ ಹೆಚ್ಚಿರಬೇಕು. ಪರದೆ ತೋರಿಸಿದ್ದು 2. ರಿಟರ್ನ್ ಲಾಸ್, ಅಂದರೆ ಕಳಿಸಿದ್ದಕ್ಕಿಂತ ಮರಳಿ ಬಂದದ್ದು ಎಷ್ಟು ಕಡಿಮೆ ಎಂಬುದು, 9.6 ಡೆಸಿಬಲ್, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಸವೆದದ್ದರಿಂದ ಅದರ ಅರ್ಧ, 4.8 ಡೆಸಿಬಲ್, ಒಂದು ಪಯಣದ ನಷ್ಟ. ತುದಿಯನ್ನು ಶಾರ್ಟ್ ಮಾಡಿ ನೋಡಿದಾಗಲೂ ಹೆಚ್ಚುಕಡಿಮೆ ಅಷ್ಟೇ. ನಿಜವಾದ ಆರ್‌ಜಿ-213 ಆಗಿದ್ದರೆ ಈ ಉದ್ದಕ್ಕೆ 3 ಡೆಸಿಬಲ್‌ಗಿಂತ ಕಡಿಮೆ ಇರಬೇಕಿತ್ತು. ಒಂದು ತುದಿಯನ್ನು ಸೀಳಿ ನೋಡಿದಾಗ ಹೊರಜಾಲರಿಯ ಎಳೆಗಳು ಬೆರಳಿನಲ್ಲಿ ಎಣಿಸುವಷ್ಟು ವಿರಳವಾಗಿದ್ದವು. ಮೂರರಲ್ಲಿ ಎರಡು ಪಾಲು ಶಕ್ತಿಯನ್ನು ದಾರಿಯಲ್ಲೇ ಶಾಖ ಮಾಡಿ ಕಳೆಯುತ್ತಿದ್ದ ಆ ಕೇಬಲ್ಲೇ ನನಗೆ 1.2 ಎಂಬ ಸುಂದರ ಅಂಕಿಯನ್ನು ಕೊಟ್ಟಿತ್ತು. ಹಿಂದಿರುಗುವ ಅಲೆಯೂ ದಾರಿಯಲ್ಲಿ ಸವೆಯುವುದರಿಂದ, ಕೇಬಲ್ ಕೆಟ್ಟಷ್ಟೂ ಕೆಳಗಿನ ಮೀಟರಿನ ಅಂಕಿ ಒಳ್ಳೆಯದಾಗುತ್ತಾ ಹೋಗುತ್ತದೆ. ಮಳೆಗಾಲ ಮುಗಿದ ಮೇಲೆ ಎಸ್‌ಡಬ್ಲ್ಯುಆರ್ ತಾನಾಗಿ ಸುಧಾರಿಸಿದೆ ಎಂದು ಯಾರಾದರೂ ಸಂತೋಷಪಟ್ಟರೆ, ಮೊದಲು ಕನೆಕ್ಟರ್ ಬಿಚ್ಚಿ ನೀರು ಹೊಕ್ಕಿದೆಯೇ ನೋಡಿ ಎಂದು ನಾನೀಗ ಹೇಳುತ್ತೇನೆ. ಅಂಗಡಿಯವರು ಕೇಬಲ್ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅದು ಈಗ ತೋಟದಲ್ಲಿ ವೀಳ್ಯದ ಬಳ್ಳಿಗೆ ಆಸರೆಯಾಗಿದೆ.

ಇನ್ನೊಂದು ಪ್ರಯೋಗ ಮಲೆನಾಡಿನವರಿಗೆ ಹೆಚ್ಚು ರುಚಿಸಬಹುದು. ಈಚೆಗೆ ಅಡಿಕೆ ಕೊಯ್ಲಿಗೂ ಔಷಧಿ ಹೊಡೆಯುವುದಕ್ಕೂ ಕಾರ್ಬನ್ ಫೈಬರ್ ದೋಟಿಗಳು ಬಂದಿವೆ. ಹಗುರ, ಎತ್ತರ, ಒಂದರೊಳಗೊಂದು ಮಡಚಿಕೊಳ್ಳುತ್ತವೆ. ಆಂಟೆನಾ ಕಂಬಕ್ಕೆ ಇದಕ್ಕಿಂತ ಒಳ್ಳೆಯದು ಸಿಗದೆಂದು ಪಕ್ಕದ ಮನೆಯವರ ದೋಟಿ ತಂದು, 2 ಮೀಟರಿನ ತಂತಿ ಆಂಟೆನಾವನ್ನು ಅದರ ಉದ್ದಕ್ಕೆ ಟೇಪಿನಿಂದ ಅಂಟಿಸಿ ಎತ್ತಿದೆ. ನೆಲದ ಮೇಲೆ ಒಣ ಬಿದಿರಿಗೆ ಕಟ್ಟಿದಾಗ 145ರಲ್ಲಿ ಚೂಪಾಗಿ ಬಿದ್ದಿದ್ದ ತಗ್ಗು ಈಗ ಎಲ್ಲೂ ಇರಲಿಲ್ಲ. ಗೆರೆ ಮೇಲೆಲ್ಲೋ ಅಲೆದಾಡುತ್ತಿತ್ತು. ಕಾರ್ಬನ್ ಫೈಬರ್ ವಿದ್ಯುತ್ತನ್ನು ಹರಿಯಗೊಡುತ್ತದೆ, ವಿದ್ಯುತ್ ತಂತಿಯ ಹತ್ತಿರ ಆ ದೋಟಿ ಒಯ್ಯಬಾರದು ಎನ್ನುವುದೂ ಅದಕ್ಕೇ. ನಮ್ಮ ಪಾಲಿಗೆ ಅದು ಆಂಟೆನಾಕ್ಕೆ ಅಂಟಿಕೊಂಡ ಇನ್ನೊಂದು ಬೇಡದ ಆಂಟೆನಾ. ಹಾಗೆಯೇ, ಅಳತೆ ನಡೆಯುತ್ತಿರುವಾಗ ಕೇಬಲ್ಲಿನ ಹೊರಮೈಯನ್ನು ಕೈಯಲ್ಲಿ ಹಿಡಿದರೆ ಗೆರೆ ಅಲುಗಾಡುವುದನ್ನು ಕಂಡರೆ, ಜಾಲರಿಯ ಹೊರಮೈಯಲ್ಲಿ ಕರೆಂಟು ಹರಿಯುತ್ತಿದೆ ಎಂದರ್ಥ. ಕೇಬಲ್ಲನ್ನು ಫೆರೈಟ್ ರಿಂಗಿಗೆ ಕೆಲವು ಸುತ್ತು ಸುತ್ತಿ ಆ ಕರೆಂಟನ್ನು ತಡೆಯುವ ಚೋಕ್ ಮಾಡಿ, ಕೇಬಲ್ ಆಂಟೆನಾವನ್ನು ಸೇರುವ ಫೀಡ್‌ಪಾಯಿಂಟಿನಲ್ಲಿ ಹಾಕಿದ ಮೇಲೆ ನನ್ನ ಗೆರೆ ಅಲುಗಾಡುವುದು ನಿಂತಿತು. ಕೇಬಲ್ಲಿನ ಉದ್ದ ಬದಲಿಸಿ ಎಸ್‌ಡಬ್ಲ್ಯುಆರ್ ಸರಿಮಾಡಿದೆ ಎನ್ನುವವರ ಯಶಸ್ಸಿನ ಹಿಂದೆ ಬಹಳ ಸಲ ಈ ಹೊರಮೈಯ ಕರೆಂಟೇ ಇರುತ್ತದೆ.

ಕುಂದುಗಳು ಇಲ್ಲದಿಲ್ಲ. ಬಿಸಿಲಿನಲ್ಲಿ ಪರದೆ ಓದುವುದು ಕಷ್ಟ. ನಾನು ತಲೆಯ ಮೇಲೆ ಟವೆಲ್ ಹೊದ್ದು, ಹಳೆಯ ಕಾಲದ ಫೋಟೋಗ್ರಾಫರನಂತೆ ಬಗ್ಗಿ ನೋಡಬೇಕಾಗುತ್ತದೆ. ಮೆನುಗಳು ಒಂದರೊಳಗೊಂದು ಹುದುಗಿದ್ದು, ಬೆರಳಿನಿಂದ ಒತ್ತುವಾಗ ಪಕ್ಕದ ಸಾಲು ಆಯ್ಕೆಯಾಗುತ್ತದೆ. ಪ್ಲಾಸ್ಟಿಕ್ ಕಡ್ಡಿಯೊಂದನ್ನು ಇಟ್ಟುಕೊಳ್ಳುವುದು ಮೇಲು. ಎಸ್‌ಎಂಎ ಕನೆಕ್ಟರ್‌ಗಳು ಸೂಕ್ಷ್ಮವಾದವು, ದಪ್ಪ ಕೇಬಲ್ಲನ್ನು ನೇರವಾಗಿ ತೂಗುಬಿಟ್ಟರೆ ಬೋರ್ಡಿನಿಂದ ಕಿತ್ತುಬರಬಹುದು. ಒಂದು ಮೆತ್ತನೆಯ ಗಿಡ್ಡ ಕೇಬಲ್ ಹಾಕಿ, ಅದರ ತುದಿಯಲ್ಲಿ ಕ್ಯಾಲಿಬ್ರೇಶನ್ ಮಾಡಿಕೊಳ್ಳುವುದು ಸುರಕ್ಷಿತ. ನನಗೆ ಬಂದ ಡಬ್ಬಿಯಲ್ಲಿ ಕೈಪಿಡಿ ಎಂಬ ಹೆಸರಿನಲ್ಲಿದ್ದದ್ದು ಒಂದು ಮಡಚಿದ ಹಾಳೆ. ಹೆಸರೊಂದೇ ಇಟ್ಟುಕೊಂಡು ಒಳಗಿನ ಲೋಹದ ಮುಚ್ಚಳವನ್ನೇ ಬಿಟ್ಟಿರುವ ನಕಲುಗಳೂ ಮಾರುಕಟ್ಟೆಯಲ್ಲಿ ಓಡಾಡುತ್ತಿರುವುದರಿಂದ, ಕೊಳ್ಳುವ ಮೊದಲು ವಿಚಾರಿಸಬೇಕು.

ಇವೆಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಬೇರೆ. ಈ ಉಪಕರಣ ಹೊರಬಿಡುವುದು ಒಂದು ಮಿಲಿವಾಟ್‌ಗಿಂತಲೂ ಕಡಿಮೆ ಶಕ್ತಿ, ಅದು ತಡೆಯುವ ಶಕ್ತಿಯೂ ಹಾಗೆಯೇ ಅಲ್ಪ. ಮರೆತು ಇದನ್ನು ಪ್ರಸಾರ ಮಾಡುತ್ತಿರುವ ರೇಡಿಯೋಗೆ ಸಿಕ್ಕಿಸಿದರೆ ಅಲ್ಲಿಗೆ ಮುಗಿಯಿತು. ಉದ್ದ ತಂತಿಯ ಆಂಟೆನಾದಲ್ಲಿ ಮೋಡ ಕವಿದಾಗ ಸೇರುವ ಸ್ಥಾಯೀ ವಿದ್ಯುತ್ತೂ ಇದನ್ನು ಸುಡಬಲ್ಲದು. ಸಿಕ್ಕಿಸುವ ಮೊದಲು ಕೇಬಲ್ಲಿನ ನಡುತಂತಿಯನ್ನೂ ಜಾಲರಿಯನ್ನೂ ಒಮ್ಮೆ ಕೂಡಿಸಿ ಬಿಡುವುದು ನನ್ನ ರೂಢಿ, ಗುಡುಗು ಕೇಳಿದರಂತೂ ಆ ದಿನ ಅಳತೆಯೇ ಇಲ್ಲ.

ಅಲ್ಪಶಕ್ತಿಯ ಅಳತೆಗೆ ಇನ್ನೊಂದು ಮಿತಿಯಿದೆ, ಹಳೆಯ ಮೀಟರನ್ನು ನಾನು ಮೂಲೆಗೆ ಹಾಕದಿರುವುದೂ ಅದಕ್ಕಾಗಿಯೇ. ನಾನೇ ಸುತ್ತಿದ ಒಂದು ಬಾಲನ್ (ಕೇಬಲ್ಲನ್ನು ಆಂಟೆನಾಕ್ಕೆ ಹೊಂದಿಸುವ ಫೆರೈಟ್ ಸುರುಳಿ) ನ್ಯಾನೋವಿಎನ್‌ಎಯಲ್ಲಿ ನಿರ್ದೋಷಿಯಾಗಿ ಕಾಣುತ್ತಿತ್ತು. 100 ವಾಟ್ ಕೊಟ್ಟು ಎರಡು ನಿಮಿಷ ಮಾತಾಡುವಷ್ಟರಲ್ಲಿ ಮುಳ್ಳಿನ ಮೀಟರ್ 1.3ರಿಂದ ಮೆಲ್ಲಗೆ 2ರ ಕಡೆಗೆ ತೆವಳಿತು. ಏಣಿ ಹತ್ತಿ ಮುಟ್ಟಿದರೆ ಫೆರೈಟ್ ಕೈಸುಡುವಷ್ಟು ಬಿಸಿ. ಮಿಲಿವಾಟ್‌ನಲ್ಲಿ ಯಾವ ಫೆರೈಟೂ ಬಿಸಿಯಾಗುವುದಿಲ್ಲ, ಯಾವ ಕನೆಕ್ಟರಿನಲ್ಲೂ ಕಿಡಿ ಹಾರುವುದಿಲ್ಲ. ಆಂಟೆನಾ ಕಟ್ಟುವಾಗ ನ್ಯಾನೋವಿಎನ್‌ಎ, ಕಟ್ಟಿದ ಮೇಲೆ ದಿನನಿತ್ಯದ ಕಾವಲಿಗೆ ಮೀಟರ್ ಎಂದು ನಮ್ಮ ಮನೆಯಲ್ಲಿ ಕೆಲಸ ಹಂಚಿಕೆಯಾಗಿದೆ.

ಪರವಾನಗಿ ಪರೀಕ್ಷೆ ಮುಗಿಸಿ ಮೊದಲ ಡೈಪೋಲ್ (ಎರಡು ಕೈಗಳ ತಂತಿ ಆಂಟೆನಾ) ಕಟ್ಟಲು ಹೊರಟವರು ಕಿಸೆಗೆ ಭಾರವಾದರೆ ಎಚ್4 ಬದಲು 2.8 ಇಂಚಿನ ಪರದೆಯ ಚಿಕ್ಕ ಎಚ್ ಮಾದರಿಯನ್ನೂ ಕೊಳ್ಳಬಹುದು. ಕಣ್ಣಿಗೆ ಶ್ರಮ ಹೆಚ್ಚು, ಅಳತೆಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಕಂಪ್ಯೂಟರಿಗೆ ಜೋಡಿಸಿ ನ್ಯಾನೋವಿಎನ್‌ಎ-ಸೇವರ್ ಎಂಬ ಉಚಿತ ತಂತ್ರಾಂಶದಲ್ಲಿ ನೋಡಿದರೆ ಪರದೆಯ ಚಿಂತೆಯೂ ಇರುವುದಿಲ್ಲ, ಪ್ರತಿ ಅಳತೆಯನ್ನು ತಾರೀಖಿನೊಂದಿಗೆ ಕಡತವಾಗಿ ಇಟ್ಟುಕೊಳ್ಳಲೂಬಹುದು. ಇಂಥ ಕಡತಗಳು ನನ್ನ ಬಳಿ ಈಗ ಎರಡು ಮಳೆಗಾಲದವು ಇವೆ. ಕಳೆದ ವಾರ ಮೂರು ದಿನ ಬಿಡದೆ ಹೊಡೆದ ಮಳೆಯ ನಡುವೆ, ತಂತಿಯೂ ಸುತ್ತಲಿನ ಸೋಗೆಗಳೂ ತೊಯ್ದು ತಗ್ಗು 7.09ರಿಂದ 7.04ಕ್ಕೆ ಇಳಿದಿತ್ತು, ನಮ್ಮ ಸಂಜೆಯ ಮಾತುಕತೆಯ ಜಾಗದಲ್ಲಿ ಎಸ್‌ಡಬ್ಲ್ಯುಆರ್ 1.6. ತಮ್ಮ ಅಂಕಿ ನೋಡಿ, ಸರಿಮಾಡಬೇಕೇ ಎಂದು ಕೇಳಿದ. ಬೇಡ ಎಂದು ರೇಡಿಯೋ ಹಾಕಿದೆ.